ನೆರಳಿಗೊಂದು ನಂಬರು

ಬಾಣದಹಟ್ಟಿ ಪಂಚಾಯ್ತಿಯ ಬಿಲ್ ಕಲೆಕ್ಟರ್ ಶಿವಮೂರ್ತಪ್ಪನವರು ಕಡೂರಿಗೆ ಎರಡು ದಿನದ ತರಬೇತಿಗೆ ಹೋಗುವಾಗ ಸಾಮಾನ್ಯ ಮನುಷ್ಯರಾಗಿಯೇ ಹೋಗಿದ್ದರು. ಆಗ ಅವರ ಕಣ್ಣಿಗೆ ಬಾವಿ ಬಾವಿಯಾಗಿ, ರಸ್ತೆ ರಸ್ತೆಯಾಗಿ, ಹೆಂಡತಿ ಹೆಂಡತಿಯಾಗಿ ಕಾಣುತ್ತಿದ್ದರು. ವಾಪಸ್ಸು ಬರುವಾಗ ಕೈಯಲ್ಲೊಂದು ಟ್ಯಾಬು, ಕೊರಳಲ್ಲೊಂದು ಗುರುತಿನ ಚೀಟಿ ಇದ್ದವು. ಜಗತ್ತಿನಲ್ಲಿ ಮಾತ್ರ ಮೂರೇ ಮೂರು ಪದಾರ್ಥ ಉಳಿದುಕೊಂಡಿದ್ದವು: ಪಾಯಿಂಟು, ಲೈನು, ಪಾಲಿಗಾನು.

ಯೋಜನೆಯ ಹೆಸರು 'ನಮ್ಮೂರ ವಸ್ತು'. ಊರಲ್ಲಿರುವ ಪ್ರತಿಯೊಂದು ಸಾರ್ವಜನಿಕ ವಸ್ತುವನ್ನೂ ನಕ್ಷೆಗೆ ಏರಿಸಿ ಅದಕ್ಕೊಂದು ನಂಬರು ಕೊಡುವುದು ಅದರ ಉದ್ದೇಶ. ಕಡೂರಿನ ಕಲ್ಯಾಣ ಮಂಟಪವೊಂದರಲ್ಲಿ, ಹಿಂದಿನ ದಿನದ ಮದುವೆಯ ಹೂವಿನ್ನೂ ಬಾಡದೆ ತೂಗುತ್ತಿದ್ದ ವೇದಿಕೆಯ ಮೇಲೆ ನಿಂತು ಕೃತಿಕಾ ಎಂಬ ಚುರುಕು ಹುಡುಗಿ ಪಾಠ ಮಾಡಿದ್ದಳು. "ಕೊಳವೆಬಾವಿ ಪಾಯಿಂಟ್. ಚರಂಡಿ ಲೈನ್. ಕೆರೆ, ಶಾಲೆ, ಸ್ಮಶಾನ ಇವೆಲ್ಲ ಪಾಲಿಗಾನ್. ಪಾಲಿಗಾನ್ ಅಂದ್ರೆ ಅಂಚು ಹಿಡಿದು ಸುತ್ತ ನಡೆದು, ಹೊರಟ ಜಾಗಕ್ಕೇ ಬಂದು ಸೇರೋದು. ಒಂದು ವಸ್ತು, ಒಂದು ಜಾಗ, ಒಂದು ನಂಬರ್. ಭೂಮಿ ಮೇಲಿರೋದೆಲ್ಲ ಈ ಮೂರರಲ್ಲಿ ಒಂದು ಆಗಲೇಬೇಕು."

ಹಿಂದಿನ ಸಾಲಿನಿಂದ ಯಾರೋ, "ಮೇಡಮ್, ಗಾಳಿ?" ಎಂದರು.

"ಗಾಳಿ ನಮ್ಮ ಯೋಜನೆಯಲ್ಲಿಲ್ಲ," ಎಂದಳು ಕೃತಿಕಾ.

ಈ ಮಾತು ಶಿವಮೂರ್ತಪ್ಪನವರಿಗೆ ಬಹಳ ಹಿಡಿಸಿತು. ಮೂವತ್ತು ವರ್ಷ ಮನೆ ಕಂದಾಯ, ನೀರಿನ ಕಂದಾಯ ಎಂದು ಊರವರ ಬಾಗಿಲು ಬಡಿದು ಬೈಸಿಕೊಂಡ ಮನುಷ್ಯನಿಗೆ, ಇಡೀ ಊರನ್ನು ಮೂರು ಗುಂಡಿಯೊಳಗೆ ಹಾಕುವ ಅಧಿಕಾರ ಬಂದರೆ ಹಿಡಿಸದೆ ಏನಾದೀತು? ಊರಿಗೆ ವಾಪಸ್ಸು ಬಂದ ರಾತ್ರಿ ಊಟಕ್ಕೆ ಕೂತಾಗ ತಟ್ಟೆಯ ನಡುವಿನ ಮುದ್ದೆಯನ್ನು ಬಹಳ ಹೊತ್ತು ನೋಡಿದರು.

"ಯಾಕ್ರೀ, ಗಂಟು ಉಳ್ಕೊಂಡೈತಾ?" ಎಂದು ಹೆಂಡತಿ ಮಲ್ಲಿಕಾಂಬ ಗಾಬರಿಯಾದರು.

"ಅಲ್ಲ ಕಣೇ. ದೂರದಿಂದ ನೋಡಿದ್ರೆ ಇದು ಪಾಯಿಂಟು. ಹತ್ರದಿಂದ ನೋಡಿದ್ರೆ ಪಾಲಿಗಾನು."

"ತಿನ್ನಕ್ಕೆ ಯಾವ್ದಾಗ್ಬೇಕೋ ಅದನ್ ಮಾಡ್ಕಳಿ. ಸಾರು ಆರ್ತೈತೆ," ಎಂದರು ಮಲ್ಲಿಕಾಂಬ. ಅವರು ತರಬೇತಿಗೆ ಹೋದವರಲ್ಲ.

ಮರುದಿನದಿಂದ ಸರ್ವೆ ಶುರುವಾಯಿತು. ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು, ಬೆಳಗಿನ ಹೊತ್ತು ಇನ್ನೂ ಚಳಿ. ಶಿವಮೂರ್ತಪ್ಪನವರು ಸ್ವೆಟರಿನ ಮೇಲೆ ಗುರುತಿನ ಚೀಟಿ ಇಳಿಬಿಟ್ಟುಕೊಂಡು ಊರೆಲ್ಲ ನಡೆದರು. ನೀರಿನ ಟ್ಯಾಂಕಿಗೆ ನಂಬರು ಬಂತು, ಅಂಗನವಾಡಿಗೆ ನಂಬರು ಬಂತು, ನಾಲ್ಕು ವರ್ಷದಿಂದ ಉರಿಯದ ಬೀದಿದೀಪಕ್ಕೂ ನಂಬರು ಬಂತು. ಕುರಿ ಸಾಕುವ ಸಣ್ಣಬೀರಪ್ಪ ಮಂದೆ ಹೊಡೆದುಕೊಂಡು ಎದುರಾದವನು, "ನಮ್ ಕುರಿನೂ ಬರ್ಕಳಿ ಮೂರ್ತಪ್ನೋರೆ," ಎಂದ.

"ಆಗಲ್ಲ ಬೀರಪ್ಪ. ವಸ್ತು ಅಂದ್ರೆ ಇದ್ದಲ್ಲೇ ಇರ್ಬೇಕು. ಕುರಿ ಓಡಾಡ್ತವೆ."

"ಇದ್ದಲ್ಲೇ ಇರ್ಬೇಕಾ? ಹಂಗಾರೆ ನಿಮ್ ಆಫೀಸಿನ ಗುಮಾಸ್ತನ್ನ ಬರ್ಕಳಿ. ನನ್ ಅರ್ಜಿ ಕೊಟ್ಟು ಎಂಟು ವರ್ಷಾಯ್ತು, ಆವಾಗ್ಲಿಂದ ಕುಂತಲ್ಲೇ ಕುಂತವ್ನೆ."

ಇಂಥ ಟೀಕೆಗಳಿಗೆ ಕಿವಿಗೊಡದೆ ಶಿವಮೂರ್ತಪ್ಪನವರು ನೂರಾ ಹದಿನೇಳು ವಸ್ತುಗಳನ್ನು ಮುಗಿಸಿದರು. ನೂರಾ ಹದಿನೆಂಟನೆಯದು ಪ್ರಯಾಣಿಕರ ತಂಗುದಾಣ.

ಬಾಣದಹಟ್ಟಿಯಲ್ಲಿ ತಂಗುದಾಣ ಇಲ್ಲ. ಇಲ್ಲ ಎಂದರೆ ಎಂದೂ ಇರಲಿಲ್ಲ. ಶಿವಮೂರ್ತಪ್ಪನವರು ಪ್ರಾಮಾಣಿಕವಾಗಿ 'ಇಲ್ಲ' ಒತ್ತಿದರು. 'ಇಲ್ಲದ ವಸ್ತುವಿನ ಫೋಟೋ ಲಗತ್ತಿಸಿ' ಎಂದಿತು ಟ್ಯಾಬು. ಅವರು ಬಸ್ಸು ನಿಲ್ಲುವ ಕಡೆಯ ಖಾಲಿ ಜಾಗದ ಫೋಟೋ ತೆಗೆದು ಹಾಕಿದರು. 'ವಸ್ತು ಸ್ಪಷ್ಟವಾಗಿ ಕಾಣಿಸುತ್ತಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ' ಎಂದಿತು. ಮೂರು ಸಲ ಪ್ರಯತ್ನಿಸಿದರು. ಇಲ್ಲದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ.

ಆಗ ಬೆಳಿಗ್ಗೆ ಒಂಬತ್ತು ನಲವತ್ತು. ಕಡೂರು ಬಸ್ಸಿಗೆ ಕಾಯುವ ಹತ್ತು ಹನ್ನೆರಡು ಜನ ರಸ್ತೆ ಪಕ್ಕದ ದೊಡ್ಡ ಹೊಂಗೆ ಮರದ ನೆರಳಲ್ಲಿ ಕೂತಿದ್ದರು. ಅವರ ನಡುವೆ ಪುರಿ, ಕಡ್ಲೆ, ಮಜ್ಜಿಗೆ ಮಾರುವ ಯಲ್ಲಮ್ಮ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಯಲ್ಲಮ್ಮನ ಬಾಯಿ ಊರಿಗೇ ಗೊತ್ತು. ಅವಳ ಮಜ್ಜಿಗೆಯಲ್ಲಿ ಮೆಣಸಿನಕಾಯಿ ಹೆಚ್ಚೋ ಮಾತಿನಲ್ಲಿ ಹೆಚ್ಚೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

"ಯಲ್ಲಕ್ಕ, ಜನ ಬಸ್ಸಿಗೆ ಎಲ್ಲಿ ಕಾಯ್ತಾರೆ?" ಎಂದು ಶಿವಮೂರ್ತಪ್ಪನವರು ಅಧಿಕೃತವಾಗಿ ಕೇಳಿದರು.

"ನನ್ ತಲೆ ಮ್ಯಾಲೆ ಕಾಯ್ತಾರೆ! ಕಣ್ಣು ಕಾಣಾಕಿಲ್ವಾ ಮೂರ್ತಪ್ನೋರೆ? ಈ ನೆಳ್ಳಾಗೇ ಕಾಯ್ತಾರೆ. ನಮ್ಮಪ್ಪನ ಕಾಲ್ದಿಂದ ಇದೇ ತಂಗುದಾಣ."

ಶಿವಮೂರ್ತಪ್ಪನವರಿಗೆ ಥಟ್ಟನೆ ಬೆಳಕಾಯಿತು. ಮರವನ್ನಂತೂ ಅವರು ಬರೆಯುವಂತಿರಲಿಲ್ಲ. ಅದು ರಸ್ತೆ ಇಲಾಖೆಯವರದು, ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರಿತ್ತು. ಪರರ ವಸ್ತು ಪಾಷಾಣ. ಆದರೆ ನೆರಳಿನ ಮೇಲೆ ಯಾರ ನಂಬರೂ ಇರಲಿಲ್ಲ. ಜನ ಅದರೊಳಗೆ ಕೂರುತ್ತಾರೆ, ಬಸ್ಸಿಗೆ ಕಾಯುತ್ತಾರೆ, ಅದಕ್ಕೊಂದು ಅಂಚಿದೆ. ಅಂಚು ಹಿಡಿದು ನಡೆದರೆ ಹೊರಟ ಜಾಗಕ್ಕೇ ಬಂದು ಸೇರಬಹುದು.

ಹಾಗೆಂದುಕೊಂಡು ಟ್ಯಾಬು ಎದೆಗೆ ಹಿಡಿದು ನಡೆದೇಬಿಟ್ಟರು. ಅವರ ಶ್ರದ್ಧೆಯನ್ನು ಮೆಚ್ಚಬೇಕು. ಒಂದು ಕೊಂಬೆಯ ನೆರಳನ್ನೂ ಬಿಡಲಿಲ್ಲ. ಟೊಂಗೆ ಚಾಚಿದ ಕಡೆ ಚಾಚಿದರು, ಬಾಗಿದ ಕಡೆ ಬಾಗಿದರು. ಆ ಹೊತ್ತಿನಲ್ಲಿ ನೆರಳು ಮರದ ವಾಯವ್ಯಕ್ಕೆ ಬಿದ್ದು, ಯಲ್ಲಮ್ಮನ ಖಾಲಿ ಸೈಟಿನ ಮೇಲೆ ಚಾಪೆ ಹಾಸಿದಂತೆ ಹರಡಿತ್ತು. ಅಡ್ಡವಾಗಿದ್ದ ಬುಟ್ಟಿಯನ್ನು ಯಲ್ಲಮ್ಮನೇ ಎತ್ತಿ ಪಕ್ಕಕ್ಕಿಟ್ಟು ದಾರಿ ಬಿಟ್ಟಳು. ತನ್ನ ಸೈಟಿನ ಮೇಲೆ ಸರ್ಕಾರ ನಡೆದುಹೋಗುತ್ತಿದೆ ಎಂದು ಪಾಪ ಅವಳಿಗೆ ಗೊತ್ತಾಗಲಿಲ್ಲ.

ಚಾವಣಿ ಯಾವುದರದು ಎಂದು ಟ್ಯಾಬು ಕೇಳಿತು. ಆರ್‌ಸಿಸಿ, ಶೀಟು, ಹೆಂಚು, ಇತರೆ. ಅವರು 'ಇತರೆ' ಒತ್ತಿದರು. ಗಾಳಿ ಬೆಳಕು? 'ಉತ್ತಮ.' ವಸ್ತು ಸಂಖ್ಯೆ ನೂರಾ ಹದಿನೆಂಟು ಹಸಿರು ಬಣ್ಣಕ್ಕೆ ತಿರುಗಿತು.

ಎರಡು ತಿಂಗಳಿಗೆ ಅಜ್ಜಂಪುರದಿಂದ ಕರೆ ಬಂತು. ಬಸ್‌ಸ್ಟ್ಯಾಂಡ್ ಹಿಂದೆ, ಬೀಜದ ಅಂಗಡಿಯ ಮಹಡಿ ಮೇಲೆ, ಯೋಜನೆಯ 'ನಕ್ಷೆ ಕೋಶ' ಎಂಬ ಕಚೇರಿ ಇತ್ತು. ಸುತ್ತಲ ಊರುಗಳಲ್ಲೆಲ್ಲ ಅತಿ ವಿಶಾಲವಾದ, ಅತಿ ಗಾಳಿ ಬೆಳಕಿನ ತಂಗುದಾಣ ಬಾಣದಹಟ್ಟಿಯದೇ ಎಂದು ಅಲ್ಲಿ ಶಿವಮೂರ್ತಪ್ಪನವರಿಗೆ ಶಾಲು ಹೊದಿಸಿದರು. ಫೋಟೋ ವಾಟ್ಸಾಪಿನಲ್ಲಿ ಓಡಾಡಿತು. ತರೀಕೆರೆಯಲ್ಲಿ ಕಾಯಿ ವ್ಯಾಪಾರ ಮಾಡುವ ಬಾಮೈದ ಧರ್ಮೇಶ್ ಫೋನು ಮಾಡಿ, "ಭಾವ, ನಿಮ್ಮೂರಲ್ಲಿ ಅಷ್ಟು ದೊಡ್ಡ ತಂಗುದಾಣ ಆಗೈತೆ ಅಂದ್ಮೇಲೆ ಅಲ್ಲೊಂದು ಅಂಗಡಿ ಇಡಬೋದು ನೋಡಿ. ಮರದ ಪಕ್ಕ ನಿಮ್ದೊಂದು ಸೈಟ್ ಐತಲ್ಲ, ಮಳಿಗೆ ಕಟ್ಸಿ, ನಾನೇ ಬತ್ತೀನಿ," ಎಂದ. ಶಿವಮೂರ್ತಪ್ಪನವರ ಸೈಟು ಯಲ್ಲಮ್ಮನ ಸೈಟಿನ ಪಕ್ಕದ್ದು, ಮರದ ನೈಋತ್ಯಕ್ಕೆ; ನಡುವೆ ಒಂದು ಕಾಲುದಾರಿ ಅಷ್ಟೆ. ಅವರು ಅಂದೇ ಮಳಿಗೆಗೆ 'ಮಲ್ಲಿಕಾಂಬ ಕಾಂಪ್ಲೆಕ್ಸ್' ಎಂದು ಹೆಸರಿಟ್ಟರು. ಇನ್ನು ಕಟ್ಟಿಸುವುದೊಂದೇ ಬಾಕಿ ಇತ್ತು.

ಮೇ ತಿಂಗಳ ಮೂರನೇ ವಾರ ಒಂದು ಬೆಳಿಗ್ಗೆ ಯಲ್ಲಮ್ಮ ಪಂಚಾಯ್ತಿ ಕಚೇರಿಯ ಮೆಟ್ಟಿಲು ಹತ್ತುವ ಸದ್ದು ಒಳಗಿನವರಿಗೆಲ್ಲ ಕೇಳಿಸಿತು. ಗುಮಾಸ್ತ ಎಂಟು ವರ್ಷದಲ್ಲಿ ಮೊದಲ ಸಲ ಕುರ್ಚಿ ಬಿಟ್ಟು ಎದ್ದು ಹಿಂದಿನ ಬಾಗಿಲಿಗೆ ಹೋದ.

"ಓದ್ರಿ ಇದನ್ನ!" ಎಂದು ಯಲ್ಲಮ್ಮ ಒಂದು ಕಾಗದವನ್ನು ಶಿವಮೂರ್ತಪ್ಪನವರ ಮೇಜಿನ ಮೇಲೆ ಬಡಿದಳು.

ಗಂಡ ಸತ್ತ ಮೇಲೆ ಯಲ್ಲಮ್ಮ ಇಪ್ಪತ್ತು ವರ್ಷ ತಮ್ಮನ ಮನೆಯ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕಾಲ ಹಾಕಿದವಳು. ಈ ಸಲ ಮನೆ ಕಟ್ಟಿಸಿಕೊಡುವ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಸೈಟಿಗೆ ಇ-ಖಾತೆ ಆದರೆ ಮನೆ. ಮೇ ಮೂವತ್ತೊಂದರ ಸಂಜೆಯೊಳಗೆ ಆಗದಿದ್ದರೆ ಹೆಸರು ಹೋಯಿತು, ಮತ್ತೆ ಯಾವಾಗ ಬರುತ್ತದೋ ದೇವರೇ ಬಲ್ಲ. ಆ ಇ-ಖಾತೆಯ ಅರ್ಜಿ ವಾಪಸ್ಸು ಬಂದಿತ್ತು. ಶಿವಮೂರ್ತಪ್ಪನವರು ಓದಿದರು. 'ಸದರಿ ನಿವೇಶನದಲ್ಲಿ ವಸ್ತು ಸಂಖ್ಯೆ 118, ಸಾರ್ವಜನಿಕ ಪ್ರಯಾಣಿಕರ ತಂಗುದಾಣವಿದ್ದು, ಅರ್ಜಿದಾರರು ಒತ್ತುವರಿದಾರರೆಂದು ಕಂಡುಬಂದಿರುತ್ತದೆ.'

"ನಾನು ಬಸ್‌ಸ್ಟ್ಯಾಂಡ್ ಒತ್ತುವರಿ ಮಾಡೀನಂತೆ! ಎಲ್ಲೈತ್ರೀ ಬಸ್‌ಸ್ಟ್ಯಾಂಡು? ನನ್ ಸೈಟಾಗೆ ಎಕ್ಕದ ಗಿಡ ಬಿಟ್ರೆ ಏನೈತೆ? ನನ್ ಸೆರಗ್ನಾಗೆ ಕಟ್ಕಂಡು ತಿರುಗ್ತಿದೀನಾ ನಿಮ್ ಬಸ್‌ಸ್ಟ್ಯಾಂಡ?"

"ಸಮಾಧಾನ ಯಲ್ಲಕ್ಕ. ಸಣ್ಣ ತಾಂತ್ರಿಕ ದೋಷ. ನಾನೇ ಹೋಗಿ ಅಳಿಸ್ಕೊಂಡು ಬತ್ತೀನಿ."

"ನೀವು ಬರೆದಾಗ್ಲೇ ಹಿಂಗಾಗೈತೆ, ಇನ್ನು ಅಳಿಸಿದ್ರೆ ಏನೇನಾಯ್ತದೋ!" ಎಂದು ಯಲ್ಲಮ್ಮ ಹೇಳಿದ ಮಾತು ನಿಜವಾಗುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ.

ನಕ್ಷೆ ಕೋಶದಲ್ಲಿ ಕಂಪ್ಯೂಟರಿನ ಮುಂದೆ ಕಾಂತರಾಜ್ ಎಂಬ ಸಭ್ಯ ತರುಣ ಕೂತಿದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಬಹಳ ವಿನಯದಿಂದ, ಆಗುವುದಿಲ್ಲ ಎಂದ.

"ಒಂದ್ಸಲ ನಂಬರ್ ಬಿದ್ದ ವಸ್ತುನ ಅಳಿಸೋಕೆ ಬಟನ್ನೇ ಇಲ್ಲ ಸರ್. ಎರಡೇ ದಾರಿ. ಒಂದು, ಸ್ಥಳಾಂತರ. ಅದಕ್ಕೆ ದೊಡ್ಡ ಸಾಹೇಬ್ರೇ ಬರ್ಬೇಕು. ಇನ್ನೊಂದು, ನೆಲಸಮ."

"ಏನಪ್ಪಾ ಕಾಂತರಾಜು, ನೆರಳನ್ನ ಹೆಂಗಪ್ಪಾ ನೆಲಸಮ ಮಾಡೋದು? ಅದು ನೆಲದ ಮೇಲೇ ಐತಲ್ಲ!"

"ಅದು ನಂಗೊತ್ತಿಲ್ಲ ಸರ್. ಕೆಡವೋ ಮುಂಚಿನ ಒಂದು ಫೋಟೋ, ಕೆಡವಿದ ಮೇಲಿನ ಒಂದು ಫೋಟೋ. ಎರಡು ಹಾಕಿದ್ರೆ ಆಯ್ತು."

ಅಜ್ಜಂಪುರದಿಂದ ವಾಪಸ್ಸು ಬರುವ ಬಸ್ಸಿನಲ್ಲಿ ಶಿವಮೂರ್ತಪ್ಪನವರಿಗೆ ಒಂದು ಅಮೋಘ ಉಪಾಯ ಹೊಳೆಯಿತು. ಇಂಥ ಉಪಾಯಗಳು ಅವರಿಗೆ ವರ್ಷಕ್ಕೊಂದು ಹೊಳೆಯುತ್ತವೆ, ಊರಿನ ಪುಣ್ಯ. ಮಾರನೆಯ ದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಹೋಗಿ, ನೆರಳಲ್ಲಿ ಜನ ಕೂತಿರುವ ಫೋಟೋ ತೆಗೆದರು. ನೆರಳು ಸ್ವಲ್ಪ ಈಚೆಗೆ ಬಂದ ಹಾಗೆ ಅನ್ನಿಸಿತು, ಆದರೆ ಅಷ್ಟು ಸಣ್ಣ ವಿಷಯ ತಲೆಗೆ ಹಚ್ಚಿಕೊಳ್ಳಲಿಲ್ಲ. ಹನ್ನೆರಡೂವರೆಗೆ ಮತ್ತೆ ಬಂದರು. ಸೂರ್ಯ ನೆತ್ತಿಯ ಮೇಲಿದ್ದ, ನೆರಳು ಮರದ ಬುಡಕ್ಕೆ ಮುದುಡಿಕೊಂಡಿತ್ತು, ಬೆಳಿಗ್ಗೆ ಜನ ಕೂತಿದ್ದ ಜಾಗ ಬಿಸಿಲಲ್ಲಿ ಬಟಾಬಯಲಾಗಿತ್ತು. ಅದರ ಫೋಟೋ ತೆಗೆದರು. ಎರಡನ್ನೂ ಟ್ಯಾಬಿಗೇರಿಸಿ, 'ನೆಲಸಮ' ಒತ್ತಿ, ಮನೆಗೆ ಹೋಗಿ ನೆಮ್ಮದಿಯಾಗಿ ಉಂಡರು.

ಮೂರನೇ ದಿನ ಕಾಂತರಾಜನ ಫೋನು ಬಂತು. ಅವನ ವಿನಯ ಸ್ವಲ್ಪ ಕಮ್ಮಿಯಾಗಿತ್ತು.

"ಮೂರ್ತಪ್ಪ ಸರ್, ಒಂಬತ್ತು ನಲವತ್ತಕ್ಕೆ ಕಟ್ಟಡ ಇದೆ, ಒಳಗೆ ಜನ ಇದಾರೆ. ಹನ್ನೆರಡೂವರೆಗೆ ಕಟ್ಟಡ ಇಲ್ಲ. ಮೂರು ಗಂಟೇಲಿ ಅಷ್ಟು ದೊಡ್ಡದನ್ನ ಕೆಡವಿ ಗುಡಿಸಿಬಿಟ್ರಾ? ಜೆಸಿಬಿ ಯಾರ್ದು?"

"ಜೆಸಿಬಿ ಎಲ್ಲಿಂದ ಬಂತಪ್ಪಾ?"

"ಅದನ್ನೇ ಸಾಹೇಬ್ರು ಕೇಳ್ತಿದಾರೆ. ಕಲ್ಲು, ಕಬ್ಬಿಣ ಎಲ್ಲಿ ಹೋಯ್ತು ಅಂತಾನೂ ಕೇಳ್ತಿದಾರೆ. ಅನುಮತಿ ಇಲ್ದೆ ಸಾರ್ವಜನಿಕ ಆಸ್ತಿ ಕೆಡವಿದ್ದಕ್ಕೆ ನಿಮ್ಗೆ ನೋಟೀಸ್ ಆಗಿದೆ. ಮೂವತ್ತೊಂದಕ್ಕೆ ಸಾಹೇಬ್ರೇ ಸ್ಥಳ ತನಿಖೆಗೆ ಬರ್ತಾರೆ. ಸರ್ವೆ ಆದ ಟೈಮಿಗೇ ಬರ್ತಾರಂತೆ. ಒಂಬತ್ತು ನಲವತ್ತು."

ಸುದ್ದಿ ಊರಲ್ಲಿ ಹಬ್ಬಿತು. ಬಾಣದಹಟ್ಟಿಯ ತಂಗುದಾಣವನ್ನು ಬಿಲ್ ಕಲೆಕ್ಟರು ರಾತ್ರೋರಾತ್ರಿ ಕೆಡವಿ ಕಬ್ಬಿಣವನ್ನು ತರೀಕೆರೆಗೆ ಸಾಗಿಸಿದರಂತೆ ಎಂದು ಪಕ್ಕದೂರಿನವರು ಮಾತಾಡಿಕೊಂಡರು. ಧರ್ಮೇಶ್ ಫೋನು ಮಾಡಿ, "ಭಾವ, ಕಬ್ಬಿಣ ನನ್ ಗೋಡೌನಿನಲ್ಲಿ ಐತಂತೆ ಹೌದಾ?" ಎಂದು ನಡುಗುವ ದನಿಯಲ್ಲಿ ಕೇಳಿದ. ಇದ್ದಾಗ ಯಾರೂ ಕಾಣದ ಕಟ್ಟಡ, ಕೆಡವಿದ ಮೇಲೆ ಎಲ್ಲರಿಗೂ ಕಾಣತೊಡಗಿತ್ತು. ಹಳಬರೊಬ್ಬರು ಅದರ ಕಂಬಗಳು ಬಹಳ ಗಟ್ಟಿಯಿದ್ದವು ಎಂದು ನೆನೆಸಿಕೊಂಡರು.

ಮೂವತ್ತೊಂದನೇ ತಾರೀಖು ಸರಿಯಾದ ಸಮಯಕ್ಕೆ ಜೀಪು ಬಂತು. ಸಾಹೇಬರ ಹೆಸರು ಮೃತ್ಯುಂಜಯ. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಹಾಗೆ ಇದ್ದರು. ಹಿಂದೆ ಕಾಂತರಾಜ್ ಟ್ಯಾಬು, ಕಾಗದ, ಮುದ್ರೆ ಹಿಡಿದು ಇಳಿದ. ಒಂಬತ್ತೂವರೆಗೇ ಬಿಸಿಲು ಕೆಂಡವಾಗಿತ್ತು. ಸಾಹೇಬರು ಇಳಿದವರೇ ನೇರವಾಗಿ ನೆರಳಿಗೆ ನಡೆದರು. ಊರವರು ಹಾಕಿದ ಕುರ್ಚಿಯಲ್ಲಿ ಕೂತು, ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಎಲ್ರೀ ತಂಗುದಾಣ?" ಎಂದರು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಣ್ಣಬೀರಪ್ಪ ಕೈ ಮುಗಿದು, "ತಾವು ಕುಂತಿರೋದೇ ಅದು ಸ್ವಾಮಿ," ಎಂದ.

ಶಿವಮೂರ್ತಪ್ಪನವರು ನೆರಳಿನ ಅಂಚು ನಡೆದ ದಿನದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡರು. ಸಾರ್, ಕಟ್ಟಡ ಇಲ್ಲ ಸಾರ್, ಇದು ನೆರಳು ಸಾರ್, ನನ್ನ ತಪ್ಪು ಸಾರ್. ಮೃತ್ಯುಂಜಯ ಸಾಹೇಬರು ಕೈ ಅಡ್ಡ ಹಿಡಿದರು.

"ನೆರಳೋ ಬೆಳಕೋ ನನಗೆ ಬೇಡ. ಜನ ಇಲ್ಲಿ ಕೂತಿದಾರೆ. ಬಸ್ಸಿಗೆ ಕಾಯ್ತಿದಾರೆ. ಬಿಸಿಲು ತಾಗ್ತಿಲ್ಲ. ತಂಗುದಾಣಕ್ಕೆ ಇನ್ನೇನ್ರೀ ಬೇಕು? ವಸ್ತು ಇದೆ. ನೆಲಸಮ ಆಗಿಲ್ಲ. ಅಷ್ಟರ ಮಟ್ಟಿಗೆ ನೀವು ಬಚಾವ್. ಈಗ ಜಾಗ ನೋಡೋಣ. ಕಾಂತರಾಜ್, ಅಂಚು ನಡೀರಿ."

ಕಾಂತರಾಜ್ ಟ್ಯಾಬು ಹಿಡಿದು ನೆರಳಿನ ಅಂಚಿನಲ್ಲಿ ಸುತ್ತು ಬಂದ. ಬಂದವನ ಮುಖ ಬಾಡಿತ್ತು. "ಸರ್, ಜನವರಿ ಅಳತೆಗೂ ಇದಕ್ಕೂ ತಾಳೆ ಆಗ್ತಿಲ್ಲ. ಆಗ ಮರದ ವಾಯವ್ಯಕ್ಕಿತ್ತು. ಈಗ ನೈಋತ್ಯದಲ್ಲಿದೆ. ಕಾಲುದಾರಿ ದಾಟಿ ಈಚೆ ಸೈಟಿಗೆ ಬಂದಿದೆ."

"ಕಟ್ಟಡ ಜರುಗಿದೆಯೇನ್ರೀ?" ಎಂದರು ಸಾಹೇಬರು.

ಸಣ್ಣಬೀರಪ್ಪನಿಗೆ ಈ ವಿಷಯದಲ್ಲಿ ಅನುಭವವಿತ್ತು. ದಿನವಿಡೀ ಕುರಿಗಳನ್ನು ನೆರಳಿಂದ ನೆರಳಿಗೆ ಕೂರಿಸುವವನು ಅವನು. "ಸ್ವಾಮಿ, ಸಂಕ್ರಾಂತಿ ಟೈಮ್ನಾಗೆ ಸೂರ್ಯಪ್ಪ ಆ ಮೂಲೆಯಿಂದ ಹುಟ್ತಾನೆ. ಈಗ ಈ ಮೂಲೆಗೆ ಬಂದವ್ನೆ. ನೆಳ್ಳು ಅವ್ನ್ ಎದುರ್ಗಡೀಕೆ ತಾನೇ ಬೀಳೋದು?"

"ಸೂರ್ಯ ನಮ್ಮ ಯೋಜನೆಯಲ್ಲಿಲ್ಲ," ಎಂದರು ಮೃತ್ಯುಂಜಯ ಸಾಹೇಬರು. "ಜನವರಿ ಅಳತೆ ತಪ್ಪು. ಇವತ್ತಿಂದು ಸರಿ, ಯಾಕೆ ಅಂದ್ರೆ ನಾನು ಎದುರಿಗಿದೀನಿ. ಸ್ಥಳಾಂತರ ಮಾಡಿ. ಆ ಅಮ್ಮನ ಸೈಟು ಖುಲಾಸೆ, ಇವತ್ತೇ ಇ-ಖಾತೆ ಕೊಡಬಹುದು. ಈ ಸೈಟು ಯಾರ್ದು? ಮಾಲೀಕರು ಒಪ್ಪಿಗೆ ಸಹಿ ಹಾಕ್ಬೇಕು."

ಅಲ್ಲಿದ್ದ ಅಷ್ಟೂ ಕಣ್ಣುಗಳು ನಿಧಾನವಾಗಿ ಶಿವಮೂರ್ತಪ್ಪನವರ ಕಡೆ ತಿರುಗಿದವು.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕಾಲ ಕೆಳಗಿನ ನೆಲ ನೋಡಿದರು. ಅದು ಮಲ್ಲಿಕಾಂಬ ಕಾಂಪ್ಲೆಕ್ಸು.

"ಸ್ವಲ್ಪ... ಸ್ವಲ್ಪ ಮನೇಲಿ ಕೇಳ್ಕೊಂಡು ಬತ್ತೀನಿ ಸಾರ್," ಎಂದರು.

ಅಲ್ಲಿಂದ ಮುಂದೆ ಎರಡೂವರೆ ಗಂಟೆ ಶಿವಮೂರ್ತಪ್ಪನವರು ಮನೆಗೂ ಮರಕ್ಕೂ ಓಡಾಡಿದರು. ಮಲ್ಲಿಕಾಂಬ, "ನನ್ ಹೆಸರಿನ ಕಾಂಪ್ಲೆಕ್ಸು, ನನ್ನ ಕೇಳಿ ಕಟ್ಟಿದ್ರಾ, ಈಗ ಕೆಡವೋಕೆ ಕೇಳ್ತೀರಿ?" ಎಂದರು. ಧರ್ಮೇಶ್ ಫೋನಿನಲ್ಲಿ, "ಭಾವ, ಶಟರಿಗೆ 'ಧರ್ಮೇಶ್ ಟ್ರೇಡರ್ಸ್' ಅಂತ ಬರೆಸಿಬಿಟ್ಟಿದೀನಿ, ಸೈನ್ ಮಾತ್ರ ಹಾಕ್ಬೇಡಿ," ಎಂದು ಕೂಗಿದ. ಶಿವಮೂರ್ತಪ್ಪನವರು ಹೋದರು, ಬಂದರು, ತಲೆ ಕೆರೆದುಕೊಂಡರು, ಮತ್ತೆ ಹೋದರು.

ಈ ನಡುವೆ ಮರದ ಹತ್ತಿರ ಇನ್ನೊಂದು ವ್ಯವಹಾರ ಸದ್ದಿಲ್ಲದೆ ನಡೆದಿತ್ತು. ಸಾಹೇಬರು ಕುರ್ಚಿಯಲ್ಲಿ ಕೂತು ಕಾಂತರಾಜನಿಂದ ಮಹಜರು ಬರೆಸುತ್ತಿದ್ದರು. 'ಸದರಿ ಸ್ಥಿರ ಆಸ್ತಿಯು...' ಎನ್ನುವಷ್ಟರಲ್ಲಿ ಬಿಸಿಲು ಅವರ ಬೂಟಿಗೆ ಬಂತು. ಕುರ್ಚಿಯನ್ನು ಒಂದು ಗೇಣು ಪೂರ್ವಕ್ಕೆ ಎಳೆದುಕೊಂಡರು. '...ಶಾಶ್ವತ ಸ್ವರೂಪದ್ದಾಗಿದ್ದು...' ಬಿಸಿಲು ಮೊಣಕಾಲಿಗೆ ಬಂತು. ಮತ್ತೆ ಎಳೆದುಕೊಂಡರು. ಸಾಕ್ಷಿಗೆಂದು ಕರೆಸಿದ್ದ ಪಂಚರು ತಾವು ಕೂತಿದ್ದ ಕಲ್ಲುಗಳನ್ನು ಎತ್ತಿಕೊಂಡು ಹಿಂಬಾಲಿಸಿದರು. ಯಲ್ಲಮ್ಮನ ಮಜ್ಜಿಗೆ ಗಡಿಗೆಯೂ ಬಂತು. '...ಅಲುಗಾಡಿಸಲು ಸಾಧ್ಯವಿಲ್ಲದ್ದೆಂದು ಪಂಚರ ಸಮಕ್ಷಮ ಖಾತ್ರಿಪಡಿಸಿಕೊಳ್ಳಲಾಯಿತು' ಎಂದು ಮುಗಿಸುವ ಹೊತ್ತಿಗೆ ಹನ್ನೆರಡೂಕಾಲು. ಸಾಹೇಬರ ಕುರ್ಚಿಯ ಬೆನ್ನು ಮರದ ಬೊಡ್ಡೆಗೆ ತಾಗಿತ್ತು. ತಾವು ಮೂವತ್ತು ಮೊಳ ಪ್ರಯಾಣ ಮಾಡಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಶಿವಮೂರ್ತಪ್ಪನವರ ಸೈಟು ದೂರದಲ್ಲಿ ಕಾದ ಹೆಂಚಿನಂತೆ ಒಂಟಿಯಾಗಿ ಹೊಳೆಯುತ್ತಿತ್ತು.

ಶಿವಮೂರ್ತಪ್ಪನವರು ಬೆವರುತ್ತ ಬಂದು ನೋಡಿದರು. ಅವರಿಗೆ ಒಂದು ಆಸೆ ಹುಟ್ಟಿತು. "ಸಾರ್, ನೋಡಿ ಸಾರ್, ಈಗ ನನ್ ಸೈಟಲ್ಲಿ ನೆರಳೇ ಇಲ್ಲ! ತಂಗುದಾಣ ಇಲ್ಲೈತೆ, ತಮ್ಮ ತಲೆ ಮೇಲೆ!"

ಮೃತ್ಯುಂಜಯ ಸಾಹೇಬರು ಆ ಕಡೆ ನೋಡಲೂ ಇಲ್ಲ. "ನಾನು ಕಂಡದ್ದನ್ನ ಬರೀತೀನ್ರೀ. ಕಾಣ್ತಿರೋದನ್ನಲ್ಲ. ಒಂಬತ್ತು ನಲವತ್ತಕ್ಕೆ ಅದು ಅಲ್ಲಿತ್ತು. ಸಹಿ ಹಾಕ್ತೀರೋ, ಹಳೇ ಜಾಗದಲ್ಲೇ ಬಿಡ್ಲೋ? ನನಗೆ ಊಟದ ಹೊತ್ತಾಯ್ತು."

ಹಳೇ ಜಾಗ ಎಂದರೆ ಯಲ್ಲಮ್ಮನ ಸೈಟು. ಶಿವಮೂರ್ತಪ್ಪನವರು ಅವಳ ಕಡೆ ನೋಡಿದರು. ಬೈಗುಳ ಬಂದೇ ಬರುತ್ತದೆಂದು ಹೆಗಲು ಮುದುರಿಕೊಂಡೇ ನೋಡಿದರು. ಯಲ್ಲಮ್ಮ ಗಡಿಗೆಯಿಂದ ಒಂದು ಲೋಟ ಮಜ್ಜಿಗೆ ಬಗ್ಗಿಸಿ ತಂದು ಅವರ ಕೈಗೆ ಕೊಟ್ಟಳು. "ಕುಡೀರಿ. ಆವಾಗ್ಲಿಂದ ಬಿಸ್ಲಾಗೆ ಓಡಾಡ್ತಿದೀರಿ," ಎಂದಳು, ಅಷ್ಟೆ.

ಬೈದಿದ್ದರೆ ಶಿವಮೂರ್ತಪ್ಪನವರು ತಡೆದುಕೊಳ್ಳುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ. ಬೈಯದೆ ಮಜ್ಜಿಗೆ ಕೊಟ್ಟವರ ಮುಂದೆ ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಕೊಟ್ಟಿಗೆ ಪಕ್ಕ ಮಲಗಿದ ಹೆಂಗಸಿನ ಮನೆಯನ್ನು ತಾನು ಟೊಂಗೆಯ ಅಂಚು ಹಿಡಿದು ನಡೆಯುತ್ತಾ ತುಳಿದುಹಾಕಿದೆ ಎಂದು ಆಗ ಹೊಳೆಯಿತು. ಮಜ್ಜಿಗೆ ಎತ್ತಿ ಕುಡಿದರು. ಮೆಣಸಿನಕಾಯಿ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ ಕಾಗದ ಮಸುಕಾಗಿ ಕಾಣುತ್ತಿದ್ದಾಗ ಸಹಿ ಹಾಕಿಬಿಟ್ಟರು.

ಸಂಜೆ ನಾಲ್ಕಕ್ಕೆ ಯಲ್ಲಮ್ಮನ ಇ-ಖಾತೆ ಬಂತು. ಮಲ್ಲಿಕಾಂಬ ಎರಡು ದಿನ ಮಾತು ಬಿಟ್ಟು, ಮೂರನೇ ದಿನ, "ಹೋಗ್ಲಿ ಬಿಡ್ರಿ, ಸದ್ಯ ನನ್ ಹೆಸರಿನ ಕಾಂಪ್ಲೆಕ್ಸು ಸೋರೋದು ತಪ್ತು," ಎಂದರು. ಧರ್ಮೇಶ್ ಶಟರನ್ನು ತರೀಕೆರೆಯಲ್ಲೇ ಬೇರೊಂದು ಬಾಗಿಲಿಗೆ ಹಾಕಿಸಿಕೊಂಡ. ಜುಲೈನಲ್ಲಿ ನಕ್ಷೆ ಕೋಶದವರು ಬಂದು ಶಿವಮೂರ್ತಪ್ಪನವರ ಸೈಟಿನ ನಡುವೆ ಎರಡು ಕಬ್ಬಿಣದ ಕಾಲು ಹೂತು, ನೀಲಿ ತಗಡಿನ ಬೋರ್ಡು ನಿಲ್ಲಿಸಿ ಹೋದರು: 'ಸಾರ್ವಜನಿಕ ಪ್ರಯಾಣಿಕರ ತಂಗುದಾಣ, ಬಾಣದಹಟ್ಟಿ. ವಸ್ತು ಸಂಖ್ಯೆ 118. ಹಾನಿ ಮಾಡಿದವರನ್ನು ಶಿಕ್ಷಿಸಲಾಗುವುದು.'

ಮತ್ತೆ ಸಂಕ್ರಾಂತಿ ಬಂತು, ಹೋಯಿತು. ಯೋಜನೆಯ ನಿಯಮದಂತೆ ವರ್ಷಕ್ಕೊಮ್ಮೆ ಪ್ರತಿ ವಸ್ತುವನ್ನೂ ಮರುಪರಿಶೀಲನೆ ಮಾಡಬೇಕು. ಶಿವಮೂರ್ತಪ್ಪನವರು ಟ್ಯಾಬು ಹಿಡಿದು, ಸ್ವೆಟರು ತೊಟ್ಟು, ನೂರಾ ಹದಿನೇಳು ಮುಗಿಸಿ ತಮ್ಮ ಸೈಟಿಗೆ ಬಂದರು. ಬೆಳಿಗ್ಗೆ ಒಂಬತ್ತು ನಲವತ್ತು. ಅವರ ಸೈಟಿನ ತುಂಬ ಬಿಸಿಲು. ಇದ್ದ ಒಂದೇ ನೆರಳೆಂದರೆ ಬೋರ್ಡಿನದು. ಅದರಲ್ಲಿ ಒಂದು ನಾಯಿ ಮಲಗಿತ್ತು.

ಕಾಲುದಾರಿಯ ಆಚೆ ಯಲ್ಲಮ್ಮನ ಹೊಸ ಮನೆ. ಗೋಡೆಗೆ ಇನ್ನೂ ಸುಣ್ಣ ಆಗಿರಲಿಲ್ಲ, ಆದರೆ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು, ಮುಂದೆ ಅಗಲವಾದ ಜಗಲಿ. ಹೊಂಗೆ ಮರದ ನೆರಳು ಹೋದ ವರ್ಷದ ಹಾಗೆಯೇ ವಾಯವ್ಯಕ್ಕೆ ತಿರುಗಿ, ಗೋಡೆಯ ಮೇಲೆ ಹತ್ತಿ, ಜಗಲಿಯ ತುಂಬ ಹರಡಿಕೊಂಡಿತ್ತು. ಕಡೂರು ಬಸ್ಸಿಗೆ ಕಾಯುವ ಹತ್ತು ಹನ್ನೆರಡು ಜನ ಅಲ್ಲಿ ಸಾಲಾಗಿ ಕೂತು ಪುರಿ ತಿನ್ನುತ್ತಿದ್ದರು.

"ಮೂರ್ತಪ್ನೋರೆ!" ಎಂದು ಯಲ್ಲಮ್ಮ ಅಲ್ಲಿಂದಲೇ ಕೂಗಿದಳು. "ನಿಮ್ ಸರ್ಕಾರಿ ಕಟ್ಟಡ ಮತ್ತೆ ನಮ್ಮನೇಗೇ ಬಂದೈತೆ. ಎತ್ಕಂಡ್ ಹೋಗ್ತೀರೋ, ಇಲ್ಲೇ ಬಿಟ್ಟಿರ್ತೀರೋ?"

ದನಿಯಲ್ಲಿ ತಮಾಷೆಯಿತ್ತು. ಆದರೆ ಅವಳ ಒಂದು ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಶಿವಮೂರ್ತಪ್ಪನವರಿಗೆ ಕಂಡಿತು.

ಅವರು ಟ್ಯಾಬು ನೋಡಿದರು. 'ವಸ್ತು ಸಂಖ್ಯೆ 118 ನಮೂದಿಸಿದ ಜಾಗದಲ್ಲಿಯೇ ಇದೆಯೇ? ಹೌದು / ಇಲ್ಲ.'

ಹೋದ ವರ್ಷ ಇದೇ ಮನುಷ್ಯ ಒಂದು ಟೊಂಗೆಯ ನೆರಳನ್ನೂ ಬಿಡದೆ ಅಂಚು ಹಿಡಿದು ನಡೆದಿದ್ದರು. ಈಗ ಬಿಸಿಲಲ್ಲಿ ನಿಂತು, ಬೋರ್ಡಿನ ಕೆಳಗಿನ ನಾಯಿಯನ್ನು ಒಮ್ಮೆ, ಜಗಲಿಯ ಮೇಲಿನ ನೆರಳನ್ನು ಒಮ್ಮೆ ನೋಡಿದರು.

'ಹೌದು' ಒತ್ತಿದರು. ಟ್ಯಾಬನ್ನು ಚೀಲಕ್ಕೆ ಹಾಕಿ, ಕಾಲುದಾರಿ ದಾಟಿ, ಜಗಲಿಯಲ್ಲಿ ಜನರ ನಡುವೆ ಜಾಗ ಮಾಡಿಕೊಂಡು ಕೂತರು.

"ಒಂದ್ ಲೋಟ ಮಜ್ಜಿಗೆ ಕೊಡು ಯಲ್ಲಕ್ಕ," ಎಂದರು. "ಮೆಣಸಿನಕಾಯಿ ಕಮ್ಮಿ ಇರ್ಲಿ."